ಪ್ಲಗ್ಗು, ವೈರು ಎಲ್ಲ ಹೊಸದು, ಆದರೂ ಹಳೇ ಪಿಕಪ್ಪು ಮಿಸ್ ಹೊಡೆಯುತ್ತಿದೆ

ಹಳೇಗಾಡಿ97
ಎಲ್ಲರಿಗೂ ನಮಸ್ಕಾರ. ನನ್ನದು 1997ರ ಪಿಕಪ್ಪು. 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರು, 2,40,000 ಕಿ.ಮೀ. ಓಡಿದೆ. ಕಂಪನಿ ಹೆಸರು ಬೇಡ. ಹೇಳಿದರೆ ಅರ್ಧ ಜನ ಅದನ್ನು ಮಾರಿಬಿಡಿ ಅನ್ನುತ್ತೀರಿ, ಇನ್ನರ್ಧ ಜನ ಅವರ ಜೊತೆ ಜಗಳಕ್ಕೆ ನಿಲ್ಲುತ್ತೀರಿ.

ತೊಂದರೆ ಏನೆಂದರೆ, ಎಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ಯಾವುದೋ ಸಿಲಿಂಡರು ಆಗಾಗ ಉರಿಯದೆ ತಪ್ಪಿಸಿಕೊಳ್ಳುತ್ತಿದೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಸ್ಟೀರಿಂಗ್ ನಡುಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ. ಒಟ್ಟಿನಲ್ಲಿ ಪಿಕಪ್ಪಿಗೆ ಪಿಕಪ್ಪೇ ಇಲ್ಲ. ಚೆಕ್ ಎಂಜಿನ್ ದೀಪ ಉರಿಯುತ್ತಿದೆ, ಕೆಲವು ಸಲ ಮಿನುಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0300, ಪಿ0305, ಪಿ0307 ಅಂತ ಬಂತು.

ಎಂಟು ಪ್ಲಗ್ಗು ಹೊಸದು ಹಾಕಿದೆ. ಎಂಟು ಪ್ಲಗ್ ವೈರೂ ಹೊಸದು. ಏರ್ ಫಿಲ್ಟರ್ ಹೊಸದು. ಇನ್ನೇನು ಬದಲಿಸಲಿ?

ಎಣ್ಣೆಕೈ
ಇನ್ನೇನು ಬದಲಿಸಲಿ ಅನ್ನುವುದೇ ತಪ್ಪು ಪ್ರಶ್ನೆ ಸಾರ್. ಇನ್ನೇನು ನೋಡಲಿ ಅಂತ ಕೇಳಿ.

ವೇಗದೂತ
ಕಿಡಿಗೆ ಬೇಕಾದ ವೋಲ್ಟೇಜು ಕೊಡುವ ಕಾಯಿಲ್ ಹೋಗಿದೆ. ನನ್ನ ಕಾರಿನಲ್ಲೂ ಥೇಟ್ ಹೀಗೇ ಆಗಿತ್ತು. 5 ಮತ್ತು 7ನೇ ಸಿಲಿಂಡರಿನ ಕಾಯಿಲ್ ಎರಡನ್ನೂ ಬದಲಿಸಿ, ಮುಗಿಯಿತು.

ಪಾನಾಪಂಡಿತ
ವೇಗದೂತ ಅವರೇ, ಅದರಲ್ಲಿ ಸಿಲಿಂಡರಿಗೊಂದು ಕಾಯಿಲ್ ಇಲ್ಲ. ಒಂದೇ ಕಾಯಿಲ್, ಅದರ ಕಿಡಿಯನ್ನು ಸರದಿ ಪ್ರಕಾರ ಹಂಚುವ ಒಂದು ಡಿಸ್ಟ್ರಿಬ್ಯೂಟರು, ಅಲ್ಲಿಂದ ಎಂಟು ವೈರು. ಆ ಕಾಯಿಲ್ ಕೈಕೊಟ್ಟರೆ ಎಂಟಕ್ಕೂ ತೊಂದರೆ ಬರುತ್ತದೆ. ಎರಡೇ ಸಿಲಿಂಡರು ಆರಿಸಿಕೊಂಡು ಕಾಟ ಕೊಡುವಷ್ಟು ಬುದ್ಧಿ ಅದಕ್ಕಿಲ್ಲ.

ವೇಗದೂತ
ಓ ಹೌದಾ. ಅಷ್ಟು ಹಳೇದು ಅಂತ ಗೊತ್ತಾಗಲಿಲ್ಲ.

ಕಾರ್ಬೊರೇಟರ್ ಕಾಲದವ
1997 ಹಳೇದಾ! ನಮ್ಮ ಕಾಲದಲ್ಲಿ ಕೋಡು ಪಾಡು ಏನೂ ಇರಲಿಲ್ಲ. ಎಂಜಿನ್ ಓಡುವಾಗಲೇ ಒಂದೊಂದು ಪ್ಲಗ್ ವೈರು ಕಿತ್ತು ನೋಡುತ್ತಿದ್ದೆವು. ಕಿತ್ತಾಗ ಸದ್ದು ಬದಲಾಗದಿದ್ದರೆ ಕೆಲಸ ಮಾಡದ ಸಿಲಿಂಡರು ಅದೇ. ಐದು ನಿಮಿಷದ ಕೆಲಸ.

ಸ್ಕ್ಯಾನರ್ ಭಕ್ತ
ಐದು ನಿಮಿಷದ ಕೆಲಸ, ಹತ್ತು ನಿಮಿಷ ಕೈ ಜುಮ್ ಅನ್ನುವುದು. ಈಗಿನ ಇಗ್ನಿಷನ್ನಿನಲ್ಲಿ ವೋಲ್ಟೇಜು ಹತ್ತಾರು ಸಾವಿರ ಇರುತ್ತದೆ ಹಿರಿಯರೇ. ಹೋಗಲು ದಾರಿ ಸಿಗದಿದ್ದರೆ ಆ ಕಿಡಿ ಕಾಯಿಲನ್ನೋ ಮಾಡ್ಯೂಲನ್ನೋ ಸುಟ್ಟುಬಿಡಬಹುದು. ಸ್ಪಾರ್ಕ್ ಟೆಸ್ಟರ್ ಅಂತ ಒಂದು ಚಿಕ್ಕ ಸಾಮಾನು ಬರುತ್ತದೆ, ಅದನ್ನು ಹಾಕಿ ನೋಡಿದರೆ ಸಾಕು.

ಕೋಡಿನ ವಿಷಯ ಹೇಳಿಬಿಡುತ್ತೇನೆ. ಪಿ0300 ಅಂದರೆ ಅಲ್ಲಲ್ಲಿ ಮಿಸ್ ಆಗುತ್ತಿದೆ, ಇಂಥದೇ ಸಿಲಿಂಡರು ಅಂತ ಹೇಳಲಾರೆ ಎಂದರ್ಥ. ಪಿ0305 ಅಂದರೆ 5ನೆಯದು, ಪಿ0307 ಅಂದರೆ 7ನೆಯದು. ಕಂಪ್ಯೂಟರಿಗೆ ಕಿಡಿ ಕಾಣುವುದಿಲ್ಲ, ಪೆಟ್ರೋಲೂ ಕಾಣುವುದಿಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ವೇಗ ಮಾತ್ರ ಕಾಣುತ್ತದೆ. ಒಂದೊಂದು ಸಿಲಿಂಡರು ಉರಿದಾಗಲೂ ಕ್ರ್ಯಾಂಕಿಗೆ ಒಂದು ತಳ್ಳು ಸಿಗಬೇಕು. ಆ ತಳ್ಳು ಸಿಗದೆ ವೇಗ ತುಸು ತಗ್ಗಿತು ಅಂದರೆ, ಆಗ ಯಾರ ಸರದಿ ಇತ್ತೋ ಅವರ ಹೆಸರು ಬರೆದುಕೊಳ್ಳುತ್ತದೆ. ಯಾಕೆ ಉರಿಯಲಿಲ್ಲ ಅನ್ನುವುದು ಅದಕ್ಕೆ ಗೊತ್ತಿಲ್ಲ. ಪ್ಲಗ್ ಬದಲಿಸಿ ಅಂತ ಅದು ಯಾವತ್ತೂ ಹೇಳಿಲ್ಲ.

ಕಿಡಿಗೇಡಿ
ಸ್ಕ್ಯಾನರ್ ಭಕ್ತರು ಮೊದಲ ಸಲ ಸ್ಕ್ಯಾನರನ್ನು ಬೈದರು. ದಿನಾಂಕ ಬರೆದಿಟ್ಟುಕೊಳ್ಳಿ.

ಎಣ್ಣೆಕೈ
ದೀಪ ಮಿನುಗುತ್ತದೆ ಅಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮ್ನೆ ಉರಿಯುತ್ತಿದ್ದರೆ ಬೇಗ ನೋಡಿಸಿ ಅಂತ. ಮಿನುಗಿದರೆ ಈಗಲೇ ಕಾಲು ತೆಗಿ ಅಂತ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆಗ ಈ ಪ್ಲಗ್ಗಿನ ಖರ್ಚು ಖರ್ಚೇ ಅಲ್ಲ ಅನ್ನಿಸುತ್ತದೆ.

ಹಳೇಗಾಡಿ97
ಸರಿ, ಮಿನುಗಿದರೆ ಕಾಲು ತೆಗೆಯುತ್ತೇನೆ. ಹಿರಿಯರೇ, ವೈರು ಕೀಳುವ ಧೈರ್ಯ ನನಗಿಲ್ಲ, ಕ್ಷಮಿಸಿ.

ಕಾರ್ಬೊರೇಟರ್ ಕಾಲದವ
ಸರಿ, ಕೀಳಬೇಡಿ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸ್ವಲ್ಪ ಸಡಿಲಿಸಿ, ಎಂಜಿನ್ ನಯವಾಗುವ ತನಕ ಒಂಚೂರು ತಿರುಗಿಸಿ ಬಿಗಿ ಮಾಡಿ. ಟೈಮಿಂಗ್ ಅಡ್ವಾನ್ಸ್ ಆದರೆ, ಅಂದರೆ ಕಿಡಿ ತುಸು ಬೇಗ ಹಾರಿದರೆ, ಎಳೆತ ಬರುತ್ತದೆ.

ಪಾನಾಪಂಡಿತ
ದಯವಿಟ್ಟು ಅದನ್ನು ಮುಟ್ಟಬೇಡಿ!! ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಈ ಎಂಜಿನ್ನಿನಲ್ಲಿ ಕಿಡಿಯ ಟೈಮಿಂಗು ಕಂಪ್ಯೂಟರಿನ ಕೈಯಲ್ಲಿದೆ, ಕ್ರ್ಯಾಂಕ್ ಸೆನ್ಸರ್ ನೋಡಿಕೊಂಡು ಅದೇ ತೀರ್ಮಾನ ಮಾಡುತ್ತದೆ. ಡಿಸ್ಟ್ರಿಬ್ಯೂಟರು ತಿರುಗಿಸಿದರೆ ಟೈಮಿಂಗ್ ಒಂದು ಡಿಗ್ರಿಯೂ ಬದಲಾಗುವುದಿಲ್ಲ. ಬದಲಾಗುವುದು ಅದರೊಳಗೆ ಸುತ್ತುವ ರೋಟರಿನ ತುದಿ, ವೈರು ಸಿಕ್ಕಿಸುವ ಮುಚ್ಚಳದ (ಕ್ಯಾಪಿನ) ಯಾವ ಟರ್ಮಿನಲ್ ಎದುರಿಗೆ ನಿಲ್ಲುತ್ತದೆ ಅನ್ನುವುದು. ಅದು ಎರಡು ಟರ್ಮಿನಲ್ಲುಗಳ ನಡುವೆ ಬಂದು ನಿಂತರೆ ಕಿಡಿ ಪಕ್ಕದ ಮನೆಗೆ ಹೋಗುತ್ತದೆ. ಡಿಸ್ಟ್ರಿಬ್ಯೂಟರಿನ ಗೇರು ಒಂದು ಹಲ್ಲು ಆಚೀಚೆ ಕೂತರೆ ಪಿ1345 ಅನ್ನುವ ಇನ್ನೊಂದು ಕೋಡು ಬರುತ್ತದೆ. ಸರಿಯಾಗಿ ಕೂರಿಸಲು ಸ್ಕ್ಯಾನರಿನಲ್ಲಿ ಕ್ಯಾಮ್ ರಿಟಾರ್ಡ್ ಅನ್ನುವ ಅಂಕಿ ನೋಡಬೇಕು. ಅದು ಸೊನ್ನೆಯಿಂದ 2 ಡಿಗ್ರಿಯೊಳಗೆ ಇರಬೇಕು, ಅದೂ 1000 ಆರ್‌ಪಿಎಂ ದಾಟಿಸಿ ನೋಡಬೇಕು. ಕಿವಿಯಲ್ಲಿ ಕೇಳಿ ಕೂರಿಸುವ ಎಂಜಿನ್ ಇದಲ್ಲ.

ಕಾರ್ಬೊರೇಟರ್ ಕಾಲದವ
ಒಪ್ಪಿದೆ. ಆದರೆ ಕಿವಿಯಲ್ಲಿ ಕೇಳಿ ಕೂರಿಸುತ್ತಿದ್ದ ಎಂಜಿನ್ನುಗಳೇ ಚೆನ್ನಾಗಿದ್ದವು.

ಕಿಡಿಗೇಡಿ
ಶುರುವಾಯಿತು.

ಮೌನಿ
ಗೇರು ಆಟೋಮ್ಯಾಟಿಕ್ ಅಂದಿದ್ದೀರಿ. 70-80 ವೇಗದಲ್ಲಿ, ಕಾಲು ಹಗುರವಾಗಿ ಇಟ್ಟಾಗ ಮಾತ್ರ ಜರ್ಕ್ ಬಂದರೆ ಅದು ಎಂಜಿನ್ ಅಲ್ಲದೆಯೂ ಇರಬಹುದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ಎರಡನ್ನೂ ಬಿಗಿಯಾಗಿ ಹಿಡಿಯುವ ಲಾಕಪ್ ಕ್ಲಚ್ ನಡುಗಿದರೆ ಥೇಟ್ ಮಿಸ್ಸಿಂಗ್ ತರಹವೇ ಅನ್ನಿಸುತ್ತದೆ. ಜರ್ಕ್ ಬರುವಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಲ್ಲಿ ಬ್ರೇಕ್ ಪೆಡಲ್ ಒಂಚೂರು ಮುಟ್ಟಿ. ಬ್ರೇಕ್ ಹಿಡಿಯುವಷ್ಟಲ್ಲ, ದೀಪ ಹತ್ತುವಷ್ಟು. ಆಗ ಲಾಕಪ್ ಬಿಡುತ್ತದೆ. ಜರ್ಕ್ ತಟ್ಟನೆ ನಿಂತರೆ ಗೇರ್‌ಬಾಕ್ಸಿನ ಕಡೆ ನೋಡಿ. ನಿಲ್ಲದಿದ್ದರೆ ಎಂಜಿನ್ನೇ. ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ಮಾಡಿ.

ನಾನು ಇದು ಗೊತ್ತಿಲ್ಲದೆ ಎರಡು ಸಲ ಪ್ಲಗ್ ಬದಲಿಸಿದ್ದೇನೆ. ಗೇರ್ ಆಯಿಲ್ ಬದಲಿಸಿದ ಮೇಲೆ ಸರಿಹೋಯಿತು. ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಹಳೇಗಾಡಿ97
ಮಾಡಿ ನೋಡಿದೆ. ನಿಲ್ಲಲಿಲ್ಲ. ಐಡಲ್‌ನಲ್ಲೂ ನಡುಗುತ್ತದಲ್ಲ, ಹಾಗಾಗಿ ಎಂಜಿನ್ನೇ ಇರಬೇಕು. ಆದರೆ ಉಪಾಯ ಚೆನ್ನಾಗಿದೆ, ನೆನಪಿಟ್ಟುಕೊಂಡೆ.

ಸ್ಕ್ಯಾನರ್ ಭಕ್ತ
ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರು ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವುದು, ಎಷ್ಟು ತೋರಿಸುತ್ತಿದೆ? ಐಡಲ್‌ನಲ್ಲಿ ಒಂದು ಸಲ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಂದು ಸಲ, ಎರಡೂ ಬ್ಯಾಂಕಿನದ್ದು (ಸಿಲಿಂಡರುಗಳ ಎಡ, ಬಲ ಸಾಲು) ಬರೆದು ಹಾಕಿ. ಐಡಲ್‌ನಲ್ಲಿ ಪ್ಲಸ್ 10ಕ್ಕಿಂತ ಜಾಸ್ತಿ ಇದ್ದು, ರೇಸ್ ಮಾಡಿದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಲೀಕ್, ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರುತ್ತಿದೆ. ಅದಕ್ಕೆ ತಿರುಗುಮುರುಗು, ಭಾರ ಬಿದ್ದಾಗ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ.

ಜೇಡಗಾರ
ಈ ಎಂಜಿನ್ನಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ವ್ಯವಸ್ಥೆ ಜೇಡದ ತರಹ. ಇನ್‌ಟೇಕಿನ ಮೇಲ್ಭಾಗದ ಪ್ಲಾಸ್ಟಿಕ್ಕಿನ ಒಳಗೆ ಕೂತಿರುತ್ತದೆ, ಅಲ್ಲಿಂದ ಎಂಟು ನೈಲಾನ್ ಕೊಳವೆ ಒಂದೊಂದು ಸಿಲಿಂಡರಿಗೆ ಹೋಗುತ್ತವೆ. ಕೊಳವೆಯ ತುದಿಯಲ್ಲಿರುವ ಪುಟ್ಟ ವಾಲ್ವು ಕೊಳೆ ಕಟ್ಟಿ ಅಂಟಿಕೊಂಡರೆ ಆ ಸಿಲಿಂಡರಿಗೆ ಪೆಟ್ರೋಲೇ ಬೀಳುವುದಿಲ್ಲ. ನನ್ನದರಲ್ಲಿ ಹಾಗೇ ಆಗಿತ್ತು. ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡದೆ ಪೆಟ್ರೋಲಿನ ಒತ್ತಡ ಅಳೆಯಿರಿ. 60ರಿಂದ 66 ಪಿಎಸ್‌ಐ ಬರಬೇಕು. ಸ್ವಲ್ಪ ಕಮ್ಮಿಯಾದರೂ ಇದು ಮುನಿಸಿಕೊಳ್ಳುತ್ತದೆ.

ಎಣ್ಣೆಕೈ
ಜೇಡ ಬಿಚ್ಚುವ ಮುಂಚೆ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರು ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವುದನ್ನು ನೋಡಿ. ಯಾವುದೂ 100 ಪಿಎಸ್‌ಐಗಿಂತ ಕೆಳಗಿರಬಾರದು. ಎಲ್ಲಕ್ಕಿಂತ ಕಡಿಮೆ ಇರುವುದು ಎಲ್ಲಕ್ಕಿಂತ ಹೆಚ್ಚಿರುವುದರ 70 ಶೇಕಡಕ್ಕಿಂತ ಇಳಿಯಬಾರದು. ವಾಲ್ವೋ ರಿಂಗೋ ಹೋಗಿದ್ದರೆ ಮೇಲಿನ ಸಾಮಾನು ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ.

ಹಳೇಗಾಡಿ97
ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ತಗೊಳ್ಳಿ:

ಟ್ರಿಮ್: ಐಡಲ್‌ನಲ್ಲಿ ಪ್ಲಸ್ 3 ಮತ್ತು ಪ್ಲಸ್ 4. 2500ರಲ್ಲಿ ಪ್ಲಸ್ 2, ಪ್ಲಸ್ 2.
ಪೆಟ್ರೋಲ್ ಒತ್ತಡ: 62.
ಕಂಪ್ರೆಷನ್: ಹೆಚ್ಚು 165, ಕಡಿಮೆ 150. 5ನೆಯದು 155, 7ನೆಯದು 160.

ಒಂದೂ ಕೆಟ್ಟಿಲ್ಲ! ಸಂತೋಷ ಪಡಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಸ್ಕ್ಯಾನರ್ ಭಕ್ತ
ಸಂತೋಷ ಪಡಿ. ಎಂಜಿನ್ ಗಟ್ಟಿಯಿದೆ, ಪೆಟ್ರೋಲ್ ಸರಿಯಿದೆ, ಗಾಳಿ ಸರಿಯಿದೆ. ಉಳಿದಿದ್ದು ಕಿಡಿ.

ವೇಗದೂತ
ನಾನು ಮೊದಲೇ ಹೇಳಿದ್ದೆ, ಕಾಯಿಲ್.

ಪಾನಾಪಂಡಿತ
ಅಯ್ಯೋ, ಬಿಡಿ.

ಹಳೇಗಾಡಿಯವರೇ, ಒಂದು ಪ್ರಶ್ನೆ. ಮಿಸ್ಸಿಂಗ್ ಶುರುವಾಗಿದ್ದು ಯಾವಾಗ? ವೈರು ಬದಲಿಸುವ ಮುಂಚೆ ಹೇಗಿತ್ತು, ಆಮೇಲೆ ಹೇಗಿದೆ? ಯೋಚಿಸಿ ಹೇಳಿ. ಎರಡೂ ಒಂದೇ ಥರ ಇದೆಯಾ?

ಹಳೇಗಾಡಿ97
ಮುಂಚೆ ತೇವ ಇದ್ದ ದಿನ ಮಾತ್ರ ಬರುತ್ತಿತ್ತು. ಮಳೆ ಬಂದ ಮಾರನೇ ಬೆಳಿಗ್ಗೆ ಹತ್ತು ನಿಮಿಷ ಕುಂಟುತ್ತಿತ್ತು, ಬಿಸಿಯಾದ ಮೇಲೆ ಸರಿಯಾಗುತ್ತಿತ್ತು. ಆಗ ಕೋಡು ಪಿ0300 ಒಂದೇ. ಪ್ಲಗ್ಗು ವೈರು ಹಾಕಿದ ಮೇಲೆ... ಈಗ ಯೋಚಿಸಿದರೆ, ಹೌದು, ಒಣ ದಿನದಲ್ಲೂ ಬರುತ್ತಿದೆ. 5, 7ರ ಕೋಡು ಬಂದಿದ್ದೂ ಆಮೇಲೆಯೇ. ಹೊಸ ಸಾಮಾನು ಹಾಕಿ ಜಾಸ್ತಿ ಆಯಿತು ಅಂತ ಹೇಳಲು ನಾಚಿಕೆಯಾಗಿ ಮೊದಲ ಪೋಸ್ಟಿನಲ್ಲಿ ಬರೆಯಲಿಲ್ಲ.

ಎಣ್ಣೆಕೈ
ಡಾಕ್ಟರ ಹತ್ತಿರ ಮುಚ್ಚಿಡುವ ರೋಗಿ.

ಪಾನಾಪಂಡಿತ
ಅಂದರೆ ನಿಮ್ಮ ಹತ್ತಿರ ಎರಡು ರೋಗ ಇದೆ. ಒಂದು ಹಳೇದು, ತೇವಕ್ಕೆ ಬರುವುದು. ಇನ್ನೊಂದು ನೀವೇ ತಂದಿದ್ದು. ವೈರುಗಳ ಫೋಟೋ ಹಾಕಿ. ಎಡ ಬದಿಯದ್ದು, ಡಿಸ್ಟ್ರಿಬ್ಯೂಟರಿನಿಂದ ಪ್ಲಗ್ ತನಕ.

ಹಳೇಗಾಡಿ97
[ಫೋಟೋ]
ನೋಡಿ, ಹಳೇದು ಹೇಗೆಂದರೆ ಹಾಗೆ ಜೋತಾಡುತ್ತಿತ್ತು. ನಾನು ಅಚ್ಚುಕಟ್ಟಾಗಿ ಜೋಡಿಸಿ ಟ್ಯಾಗ್ ಕಟ್ಟಿದ್ದೇನೆ. ಹಳೇ ಕ್ಲಿಪ್ಪುಗಳು ಪುಡಿಪುಡಿಯಾಗಿದ್ದವು, ಎಸೆದೆ.

ಪಾನಾಪಂಡಿತ
ಸಿಕ್ಕಿತು.

ಎಲ್ಲರೂ ಫೋಟೋ ದೊಡ್ಡದು ಮಾಡಿ ನೋಡಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-8-4-3-6-5-7-2. ಎಡ ಸಾಲಿನಲ್ಲಿ ಮುಂದಿನಿಂದ ಹಿಂದಕ್ಕೆ 1, 3, 5, 7. ಬಲ ಸಾಲಿನಲ್ಲಿ 2, 4, 6, 8. ಈಗ ಗಮನಿಸಿ, 5 ಮತ್ತು 7 ಅಕ್ಕಪಕ್ಕದ ಮನೆಯವರು, ಉರಿಯುವುದೂ ಒಬ್ಬರ ಬೆನ್ನಿಗೆ ಒಬ್ಬರು. 5ನೆಯದರಲ್ಲಿ ಕಿಡಿ ಹಾರುವಾಗ 7ನೆಯದು ಗಾಳಿ ಪೆಟ್ರೋಲು ತುಂಬಿಕೊಂಡು ಅರ್ಧ ದಾರಿ ಮೇಲೆ ಬಂದಿರುತ್ತದೆ, ಕ್ರ್ಯಾಂಕಿನಲ್ಲಿ 90 ಡಿಗ್ರಿ ಬಾಕಿ. ಎರಡು ವೈರು ಅಂಟಿಕೊಂಡು ಉದ್ದಕ್ಕೂ ಜೊತೆಯಾಗಿ ಓಡಿದರೆ, ಒಂದರಲ್ಲಿ ಹರಿದ ವೋಲ್ಟೇಜು ಮುಟ್ಟದೆಯೇ ಇನ್ನೊಂದರಲ್ಲಿ ಕಿಡಿ ಎಬ್ಬಿಸುತ್ತದೆ. ಒಳಗೆ ಇನ್ನೂ ಒತ್ತಡ ಕಮ್ಮಿ ಇರುವುದರಿಂದ ಅಷ್ಟು ಸಣ್ಣ ವೋಲ್ಟೇಜಿಗೂ ಕಿಡಿ ಹಾರುವುದು ಸುಲಭ. 7ನೆಯದು ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಒತ್ತುತ್ತದೆ. ಕ್ರ್ಯಾಂಕ್ ತಡವರಿಸುತ್ತದೆ. ಅದು ನೋಡಿಕೊಂಡು ಕಂಪ್ಯೂಟರು ಇಬ್ಬರ ಹೆಸರೂ ಬರೆಯುತ್ತದೆ.

ನೀವು ಆ ಎರಡನ್ನೇ ಜೋಡಿಸಿ, ಮೂರು ಕಡೆ ಟ್ಯಾಗ್ ಹಾಕಿ ಬಿಗಿದಿದ್ದೀರಿ. ಎಸೆದ ಆ ಕ್ಲಿಪ್ಪುಗಳ ಕೆಲಸ ಅವೆರಡನ್ನು ದೂರ ಇಡುವುದು.

ಕಿಡಿಗೇಡಿ
ಮಾಡಿದ್ದುಣ್ಣೋ ಮಹರಾಯ. 😄

ಹಳೇಗಾಡಿ97
ಅಚ್ಚುಕಟ್ಟುತನವೇ ತಪ್ಪಾಯಿತಾ! ಈಗಲೇ ಟ್ಯಾಗ್ ಕತ್ತರಿಸುತ್ತೇನೆ.

ಸ್ಕ್ಯಾನರ್ ಭಕ್ತ
ಇದು ಒಪ್ಪುವ ಮಾತು. ಒಂದು ಸೇರಿಸುತ್ತೇನೆ. ಎರಡು ವೈರು ಅಡ್ಡ ಹಾಯಲೇಬೇಕಾದರೆ ನೇರ ಅಡ್ಡವಾಗಿ ಹಾಯಲಿ, ಜೊತೆಜೊತೆಯಾಗಿ ಓಡುವುದು ಬೇಡ. ಇನ್ನು ಹಳೇ ರೋಗ ಕತ್ತಲಲ್ಲಿ ಕಾಣುತ್ತದೆ. ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ವೈರು, ಕ್ಯಾಪಿನ ಮೇಲೆ ನೀರು ತುಂತುರು ಹೊಡೆಯಿರಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ. ಫ್ಯಾನ್ ಬೆಲ್ಟಿನಿಂದ ಕೈ, ತೋಳು ದೂರ ಇರಲಿ.

ಹೊಸಬಳು
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಹೊಸ ಪ್ಲಗ್ಗೇ ಕೆಟ್ಟಿರಬಹುದಲ್ವಾ? ನಾನು ಮೊದಲ ಸಲ ಪ್ಲಗ್ ಹಾಕಿದಾಗ ಸಾಕೆಟ್ ಓರೆಯಾಗಿ ಒಂದರ ಬಿಳಿ ಪಿಂಗಾಣಿ ಸೀಳಿತ್ತು. ಕೂದಲೆಳೆಯಷ್ಟು ಸೀಳು. ತೆಗೆದು ನೋಡಿದಾಗ ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ. ಕಿಡಿ ಹೊರಗಿನಿಂದಲೇ ಓಡುತ್ತಿತ್ತಂತೆ.

ಎಣ್ಣೆಕೈ
ಬೇಜಾರೇನು ಮೇಡಂ, ಇಲ್ಲಿ ಹತ್ತು ಜನ ಮರೆತಿದ್ದನ್ನು ನೀವು ಹೇಳಿದ್ದೀರಿ. ಆ ಗೆರೆ ಪ್ಲಗ್ಗಿನ ಮೇಲೆ ಬಿದ್ದಿದ್ದರೆ ವೈರಿನ ರಬ್ಬರಿನ ಒಳಗೂ ಅದರ ಗುರುತು ಬಿದ್ದಿರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲದಿದ್ದರೆ ಹಳೇ ವೈರು ಹೊಸ ಪ್ಲಗ್ಗನ್ನು ಕೆಡಿಸುತ್ತದೆ.

ಹಳೇಗಾಡಿ97
ವರದಿ ಒಪ್ಪಿಸುತ್ತಿದ್ದೇನೆ. 5 ಮತ್ತು 7ನ್ನು ಬೇರೆ ಮಾಡಿದೆ. ಹೊಸ ಕ್ಲಿಪ್ ಸಿಗುವ ತನಕ ನಡುವೆ ರಬ್ಬರ್ ಹೋಸಿನ ತುಂಡು ಇಟ್ಟಿದ್ದೇನೆ. ಕೋಡು ಅಳಿಸಿ 60 ಕಿ.ಮೀ. ಓಡಿಸಿದೆ. ಐಡಲ್ ಮೊಸರಿನ ಹಾಗೆ ನಿಂತಿದೆ! ಏರಿನಲ್ಲೂ ಎಳೆಯುತ್ತದೆ. ಪ್ಲಗ್ಗು ಬಿಚ್ಚಿ ನೋಡಿದೆ, ಸೀಳು ಇಲ್ಲ. ಪಾನಾಪಂಡಿತರಿಗೆ ಸಾಷ್ಟಾಂಗ.

ಆದರೆ ರಾತ್ರಿ ನೀರು ಹೊಡೆದೆ. ವೈರಿನ ಮೇಲೆ ಏನೂ ಇಲ್ಲ. ಕ್ಯಾಪಿನ ಬುಡಕ್ಕೆ ಬಿದ್ದ ತಕ್ಷಣ ಎಂಜಿನ್ ಕುಂಟತೊಡಗಿತು. ಕಿಡಿ ಮಾತ್ರ ಹೊರಗೆ ಕಾಣಲಿಲ್ಲ.

ಪಾನಾಪಂಡಿತ
ಕಾಣುವುದಿಲ್ಲ, ಅದು ಒಳಗೆ ಹಾರುತ್ತಿದೆ. ಈ ಎಂಜಿನ್ನಿನ ಕ್ಯಾಪು ಚಪ್ಪಟೆ. ವೈರು ಸಿಕ್ಕಿಸುವ ಜಾಗ ಎರಡು ಪಕ್ಕದಲ್ಲಿದೆ, ಒಳಗೆ ರೋಟರು ಸುತ್ತುವುದು ವೃತ್ತದಲ್ಲಿ. ಹಾಗಾಗಿ ಕರೆಂಟು ಹೋಗುವ ದಾರಿಗಳು ಪ್ಲಾಸ್ಟಿಕ್ಕಿನ ಒಳಗೇ ಒಂದರ ಹತ್ತಿರ ಒಂದು ಹಾಯ್ದು ಹೋಗುತ್ತವೆ. ತೇವ ಸೇರಿದರೆ ಕಿಡಿ ದಾರಿ ತಪ್ಪುತ್ತದೆ. ಕ್ಯಾಪ್ ತೆಗೆದು ನೋಡಿ.

ಸ್ಕ್ರೂ ತೆಗೆಯುವಾಗ ತಾಳ್ಮೆ ಇರಲಿ. ಡಿಸ್ಟ್ರಿಬ್ಯೂಟರಿನ ಮೈ ಕೂಡ ಪ್ಲಾಸ್ಟಿಕ್ಕೇ. ಜೋರು ಮಾಡಿದರೆ ಸ್ಕ್ರೂ ಕೂರುವ ಕಿವಿಯೇ ಮುರಿಯುತ್ತದೆ. ವೈರುಗಳ ಮೇಲೆ ನಂಬರು ಬರೆದುಕೊಂಡು ಆಮೇಲೆ ಕೀಳಿ. ನೆನಪಿರುತ್ತದೆ ಅಂದುಕೊಳ್ಳಬೇಡಿ, ಇರುವುದಿಲ್ಲ.

ಜೇಡಗಾರ
ಅಂದರೆ ಜೇಡ ಅಲ್ಲ. 😔

ಕಿಡಿಗೇಡಿ
ಒಂದಲ್ಲ ಒಂದು ದಿನ ಯಾರದ್ದಾದರೂ ಎಂಜಿನ್ನಿನಲ್ಲಿ ನಿಮ್ಮ ಜೇಡ ಸಿಕ್ಕೇ ಸಿಗುತ್ತದೆ, ಧೈರ್ಯವಾಗಿರಿ.

ಹಳೇಗಾಡಿ97
ತೆಗೆದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲದ ಹಾಗೆ ಇತ್ತು. ಒಳಗೆ, ಅಬ್ಬಾ! ಟರ್ಮಿನಲ್ಲುಗಳ ಮೇಲೆ ಬಿಳಿ ಪುಡಿ ಹೂಬಿಟ್ಟ ಹಾಗೆ. ಎರಡು ಟರ್ಮಿನಲ್ಲುಗಳ ನಡುವೆ ಹೊಸಬಳು ಮೇಡಂ ಹೇಳಿದ ಹಾಗೇ ಪೆನ್ಸಿಲ್ ಗೆರೆ. ರೋಟರಿನ ತುದಿ ಸವೆದು ಸುಟ್ಟಿದೆ. ಬುಡದಲ್ಲಿ ಸಣ್ಣ ಜಾಲರಿ ಎರಡು ಇವೆ, ಪೂರ್ತಿ ಕೊಳೆ ಕಟ್ಟಿವೆ. ಅವು ಏನು?

ಇನ್ನೊಂದು ವಿಷಯ. ಒಂದು ಸ್ಕ್ರೂ ಕೈಜಾರಿ ಎಂಜಿನ್ ಹಿಂದೆ ಎಲ್ಲೋ ಬಿತ್ತು. ಸದ್ದು ಎರಡು ಸಲ ಕೇಳಿಸಿತು, ಮೂರನೇ ಸಲ ಕೇಳಿಸಲಿಲ್ಲ.

ಪಾನಾಪಂಡಿತ
ಆ ಜಾಲರಿಗಳು ಗಾಳಿಕಿಂಡಿ. ಒಳಗೆ ಕಿಡಿ ಹಾರುವಾಗೆಲ್ಲ ಓಜೋನು ಹುಟ್ಟುತ್ತದೆ, ಅದು ಲೋಹವನ್ನು ತಿನ್ನುತ್ತದೆ. ತೇವವೂ ಹೊರಗೆ ಹೋಗಬೇಕು. ಕಿಂಡಿ ಮುಚ್ಚಿದರೆ ಎರಡೂ ಒಳಗೇ ಕೊಳೆಯುತ್ತವೆ. ಅದನ್ನು ತೊಳೆಯದೆ ಹೊಸ ಕ್ಯಾಪ್ ಹಾಕಿದರೆ ಅದೂ ಬೇಗ ಹೀಗೇ ಆಗುತ್ತದೆ. ಹಿತ್ತಾಳೆ ಟರ್ಮಿನಲ್ ಇರುವ ಕ್ಯಾಪೇ ತಗೊಳ್ಳಿ, ಅಲ್ಯೂಮಿನಿಯಂ ಬೇಡ. ರೋಟರೂ ಜೊತೆಗೇ ಬದಲಿಸಿ. ಕ್ಯಾಪ್ ಸಾಕು, ಡಿಸ್ಟ್ರಿಬ್ಯೂಟರು ಮಾತ್ರ ಅಲುಗಿಸಬೇಡಿ.

ಕಾರ್ಬೊರೇಟರ್ ಕಾಲದವ
ಮರಳು ಕಾಗದದಲ್ಲಿ ಉಜ್ಜಿದರೆ ಹಳೇ ಕ್ಯಾಪೇ ಇನ್ನೊಂದು ವರ್ಷ ಬರುತ್ತದೆ.

ಸ್ಕ್ಯಾನರ್ ಭಕ್ತ
ಬಿಳಿ ಪುಡಿ ಹೋಗುತ್ತದೆ ಹಿರಿಯರೇ, ಕಪ್ಪು ಗೆರೆ ಹೋಗುವುದಿಲ್ಲ. ಅದು ಪ್ಲಾಸ್ಟಿಕ್ಕೇ ಸುಟ್ಟು ಇಂಗಾಲವಾಗಿದ್ದು. ಕರೆಂಟಿಗೆ ಅದು ಹೆದ್ದಾರಿ.

ಕಾರ್ಬೊರೇಟರ್ ಕಾಲದವ
ಇವತ್ತು ನನ್ನ ದಿನವಲ್ಲ.

ಎಣ್ಣೆಕೈ
ಸ್ಕ್ರೂಗೆ ಉದ್ದ ಕಡ್ಡಿಯ ಮ್ಯಾಗ್ನೆಟ್ ಬಿಟ್ಟು ನೋಡಿ. ಸಿಗದೇ ಇದ್ದರೆ ಬೆಲ್ಟು, ಫ್ಯಾನಿನ ಹತ್ತಿರ ಇಲ್ಲ ಅನ್ನುವುದನ್ನಾದರೂ ಖಾತ್ರಿ ಮಾಡಿಕೊಳ್ಳಿ.

ಹಳೇಗಾಡಿ97
ಕ್ಯಾಪು, ರೋಟರು ಹೊಸದು. ಜಾಲರಿ ತೊಳೆದು ಒಣಗಿಸಿದೆ. ವೈರಿನ ಕ್ಲಿಪ್ಪು ಬಂತು, 5 ಮತ್ತು 7 ಈಗ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ದೂರ ದೂರ ಇವೆ. ಮತ್ತೆ ರಾತ್ರಿ ನೀರು ಹೊಡೆದೆ, ಬೇಕೆಂದೇ ಜಾಸ್ತಿ ಹೊಡೆದೆ. ಎಂಜಿನ್ ಮಿಸುಕಲಿಲ್ಲ. ನಿನ್ನೆ ರಾತ್ರಿಯಿಡೀ ಮಳೆ, ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್. ಕೋಡು ಒಂದೂ ಇಲ್ಲ.

ವೇಗದೂತ
ಅಭಿನಂದನೆ! ಹಾಗಾದರೆ ಕಾಯಿಲ್ ಬದಲಿಸುವುದು ಬೇಡವಾ?

ಪಾನಾಪಂಡಿತ
🙏

ತೊಳೆದಕಾರು
ಎಲ್ಲರಿಗೂ ನಮಸ್ತೆ, ಇದೇ ತೊಂದರೆ ನನಗೂ. ನನ್ನದು ನಾಲ್ಕು ಸಿಲಿಂಡರಿನ ಕಾರು, ಪ್ಲಗ್ಗಿನ ಮೇಲೆಯೇ ಕಾಯಿಲ್ ಇದೆ. ಎಂಜಿನ್ ತೊಳೆಸಿದ ಮೇಲೆ 3ನೇ ಸಿಲಿಂಡರು ಮಿಸ್. ಕ್ಯಾಪು ಎಲ್ಲಿದೆ ಅಂತ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಎಣ್ಣೆಕೈ
ನಿಮ್ಮದರಲ್ಲಿ ಕ್ಯಾಪೇ ಇಲ್ಲ. ಪ್ಲಗ್ಗಿನ ಬಾವಿಯೊಳಗೆ ನೀರು ನಿಂತಿರುತ್ತದೆ. 3ನೆಯ ಕಾಯಿಲ್ ಎತ್ತಿ ನೋಡಿ, ಗಾಳಿ ಹೊಡೆದು ಒಣಗಿಸಿ. ಆಮೇಲೂ ಹೋಗದಿದ್ದರೆ ಆ ಕಾಯಿಲನ್ನು 2ನೆಯದಕ್ಕೆ ಹಾಕಿ. ಕೋಡು ಪಿ0302 ಆಗಿ ಬದಲಾದರೆ ಕಾಯಿಲ್ ಹೋಗಿದೆ ಅಂತ ಲೆಕ್ಕ.

ವೇಗದೂತ
ಕಾಯಿಲ್!! ನೋಡಿದಿರಾ!

ಹೊಸಬಳು
ಹಳೇಗಾಡಿ ಸಾರ್, ಆ ಸ್ಕ್ರೂ ಸಿಕ್ಕಿತಾ?

ಹಳೇಗಾಡಿ97
ಸಿಕ್ಕಿತು. ಮ್ಯಾಗ್ನೆಟ್ ಹಿಡಿದು ಒಂದು ಗಂಟೆ ಎಂಜಿನ್ ಕೆಳಗೆ ಮಲಗಿದ್ದೆ. ಒಳಗೆ ಬಂದು ಅಂಗಿ ಬಿಚ್ಚಿದಾಗ ತೋಳಿನ ಮಡಿಕೆಯಿಂದ ಬಿತ್ತು.